‘ಸೇಫ್ಟಿ ಟಾಕಿ’ಯ ಇತಿಹಾಸ: ಪೈಪಿನ ಬಗ್ಗೆ ನಾವು ನಂಬಿಕೊಂಡು ಬಂದ ಸುಳ್ಳುಗಳು



ವಾರ್ಷಿಕೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡು ಅಂತ ಸಂಘದ ಅಣ್ಣಂದಿರು ಹೇಳಿದಾಗ, ನಾನು ಮಹಾಡದ ಕೆರೆಯ ಬಗ್ಗೆ ಬರೆಯುತ್ತೇನೆ ಅಂತ ಅವರು ತಿಳಿದಿದ್ದರು. ಬರೆಯಬಹುದಿತ್ತು. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದ್ದು ನಮ್ಮ ಓಣಿಯ ಐದನೆಯ ಇಯತ್ತೆಯ ಹುಡುಗನಿಗೂ ಗೊತ್ತು. ನೀರು ನಮ್ಮ ತನಕ ಬಂದ ಇತಿಹಾಸವನ್ನು ನಾವು ಪ್ರತಿ ವರ್ಷ ಹೇಳ್ತೀವಿ. ಅದೇ ನೀರು ಮನೆಯಿಂದ ಹೊಲಸಾಗಿ ಹೊರಗೆ ಹೋದಮೇಲೆ ಏನಾಗ್ತದೆ, ಯಾರ ಕೈಗೆ ಬರ್ತದೆ ಅನ್ನೋ ಇತಿಹಾಸ ನಮ್ಮ ಬಿ.ಎ. ಪುಸ್ತಕದಲ್ಲಿಯೂ ಇಲ್ಲ, ನಮ್ಮ ಸಂಘದ ಭಾಷಣಗಳಲ್ಲಿಯೂ ಇಲ್ಲ. ಅದಕ್ಕೇ ಈ ಸಲ ಪಾಯಖಾನೆಯ ಬಗ್ಗೆ ಬರೆದಿದ್ದೇನೆ. ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಸಂಚಿಕೆ ಮಡಚಿಟ್ಟು, ಆಮೇಲೆ ಓದಿರಿ. ಆದರೆ ಓದದೆ ಬಿಡಬೇಡಿರಿ.

ಇದನ್ನು ಬರೆಯೋಕೆ ಒಂದು ಕಾರಣ ಇದೆ. ಹೋದ ಬೇಸಿಗೆಯಲ್ಲಿ ಹೊಸ ಬಡಾವಣೆಯ ಒಂದು ದೊಡ್ಡ ಮನೆಯಿಂದ ನಮ್ಮ ಓಣಿಗೆ ಫೋನ್ ಬಂತು. “ಸೇಫ್ಟಿ ಟಾಕಿ ತುಂಬೈತಿ, ಇಬ್ಬರು ಹುಡುಗರನ್ನ ಕಳಸ್ರಿ. ಎರಡು ತಾಸಿನ ಕೆಲಸ, ರೊಕ್ಕ ಕೈಮ್ಯಾಲೆ ಕೊಡ್ತೀವಿ.” ಒಂದು ಮಾತು ಗಮನಿಸಿ. ನಮ್ಮ ಓಣಿಯಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ. ಪೇಂಟಿಂಗ್ ಮಾಡುವವರಿದ್ದಾರೆ, ಗೌಂಡಿಗಳಿದ್ದಾರೆ, ಮಗ್ಗದ ಕೆಲಸದವರು, ರಿಕ್ಷಾ ಹೊಡೆಯುವವರು ಇದ್ದಾರೆ. ಆದರೂ ಫೋನ್ ನಮ್ಮ ಓಣಿಗೇ ಬಂತು. ರಜೆಯಲ್ಲಿದ್ದ ಇಬ್ಬರು ಹುಡುಗರು ಹೊರಟೂ ಬಿಟ್ಟಿದ್ದರು. ನಮ್ಮ ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು, “ಹೊಟ್ಟಿಗಿಲ್ಲದಿದ್ರ ನನ್ನ ಮನ್ಯಾಗ ಉಣ್ರಿ, ಆ ತೆಗ್ಗಿನ್ಯಾಗ ಇಳಿಯಬ್ಯಾಡ್ರಿ” ಅಂತ ಬೈದು ಒಳಗೆ ಕೂರಿಸಿದಳು. ಅವರಲ್ಲೊಬ್ಬ ಆಮೇಲೆ ನನಗೆ ಹೇಳಿದ ಮಾತು ತಲೆಯಿಂದ ಹೋಗಲೇ ಇಲ್ಲ: “ಅಲ್ಲೋ, ಹೆಸರೇ ಸೇಫ್ಟಿ ಟಾಕಿ ಅಂತ ಐತಿ. ಅದರಾಗ ಏನಾಗ್ತೈತಿ?”

ಅದರ ಹೆಸರು ಸೇಫ್ಟಿ ಅಲ್ಲ, ಸೆಪ್ಟಿಕ್. ಗ್ರೀಕ್ ಭಾಷೆಯ ಮೂಲದಿಂದ ಬಂದ ಆ ಮಾತಿಗೆ ‘ಕೊಳೆಸುವ’ ಅಂತ ಅರ್ಥ. ಕೊಳೆಸುವ ಟಾಕಿ. ನಮ್ಮ ಬಾಯಲ್ಲಿ ಅದು ಸುರಕ್ಷೆಯ ಟಾಕಿ ಆಯಿತು. ಗೌಂಡಿಯಿಂದ ಹಿಡಿದು ಮಾಸ್ತರರ ತನಕ ಎಲ್ಲರೂ ಹಾಗೇ ಅಂತಾರೆ. ಒಂದು ಅಕ್ಷರದ ತಪ್ಪು ಅಂತ ನಕ್ಕು ಬಿಡಬಹುದು. ಆದರೆ ಕಟ್ಟಡದ ಪೈಪು, ಟಾಕಿ, ಗಟಾರುಗಳ ಬಗ್ಗೆ ಇಂಥ ತಪ್ಪು ತಿಳಿವಳಿಕೆ ಇನ್ನೂ ಎಷ್ಟೋ ಇವೆ. ಅವುಗಳಲ್ಲಿ ಕೆಲವು ನೂರಾರು ವರ್ಷ ಹಳೆಯವು, ಕೆಲವು ಜೀವ ತೆಗೆಯುವಂಥವು.

ಶಾಲೆಯ ಪುಸ್ತಕದಿಂದಲೇ ಶುರು ಮಾಡ್ತೀನಿ. ಮೊಹೆಂಜೊದಾರೋದಲ್ಲಿ ನಾಲ್ಕೂವರೆ ಸಾವಿರ ವರ್ಷದ ಹಿಂದೆಯೇ ಇಟ್ಟಿಗೆಯ ಒಳಚರಂಡಿ ಇತ್ತು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ‘ನಮ್ಮ ದೇಶದಲ್ಲಿ ಆಗಲೇ ಅಷ್ಟು ಸ್ವಚ್ಛತೆ ಇತ್ತು’ ಅಂತ ಮಾಸ್ತರರು ಎದೆ ತಟ್ಟಿ ಹೇಳ್ತಿದ್ದರು. ಇತ್ತು, ಖರೆ. ಆದರೆ ಆ ಚರಂಡಿಗಳ ಮೇಲಿನ ಇಟ್ಟಿಗೆ, ಕಲ್ಲುಗಳನ್ನು ತೆಗೆಯಲು ಬರುವಂತೆ ಇಟ್ಟಿದ್ದರು. ನಡುನಡುವೆ ಕೆಸರು ನಿಲ್ಲಲು ಗುಂಡಿಗಳನ್ನು ಮಾಡಿದ್ದರು. ತೆಗೆಯುವ ಮುಚ್ಚಳ ಇತ್ತು ಅಂದರೆ ತೆಗೆಯುವ ಕೈಯೂ ಇತ್ತು. ಗುಂಡಿ ಇತ್ತು ಅಂದರೆ ಅದನ್ನು ಬರಿದು ಮಾಡುವವನೊಬ್ಬ ಇದ್ದ. ಪುಸ್ತಕದಲ್ಲಿ ಚರಂಡಿಯ ಚಿತ್ರ ಇದೆ, ಆ ಕೈ ಇಲ್ಲ. ಪೈಪು ಹಾಕಿದರೆ ಹೊಲಸು ತಾನೇ ಮಾಯ ಆಗ್ತದೆ ಅನ್ನೋ ಮೊದಲನೆಯ ಸುಳ್ಳು ಅಲ್ಲಿಂದಲೇ ನಮ್ಮ ತಲೆಗೆ ಹತ್ತಿದೆ.

ಎರಡನೆಯದು ತಮಾಷೆಯದು. ಫ್ಲಶ್ ಪಾಯಖಾನೆ ಕಂಡುಹಿಡಿದವನು ಲಂಡನ್ನಿನ ಥಾಮಸ್ ಕ್ರಾಪರ್ ಅಂತ ಎಷ್ಟೋ ಜನ ಹೇಳ್ತಾರೆ, ರಸಪ್ರಶ್ನೆಯಲ್ಲೂ ಕೇಳ್ತಾರೆ. ಕ್ರಾಪರ್ ಹುಟ್ಟಿದ್ದು 1836ರಲ್ಲಿ. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್‌ಳ ಧರ್ಮಪುತ್ರ ಜಾನ್ ಹ್ಯಾರಿಂಗ್ಟನ್ ನೀರಿನಿಂದ ತೊಳೆಯುವ ಪಾಯಖಾನೆಯ ಬಗ್ಗೆ ಪುಸ್ತಕ ಬರೆದದ್ದು 1596ರಲ್ಲಿ. ಕ್ರಾಪರ್ ಒಳ್ಳೆಯ ಪ್ಲಂಬರ್, ಒಳ್ಳೆಯ ವ್ಯಾಪಾರಿ, ಅಷ್ಟೆ. ನಿಜವಾಗಿ ನೆನೆಯಬೇಕಾದವನು ಅಲೆಕ್ಸಾಂಡರ್ ಕಮ್ಮಿಂಗ್ ಅನ್ನೋ ಗಡಿಯಾರ ಮಾಡುವವನು. 1775ರಲ್ಲಿ ಅವನು ಪೇಟೆಂಟ್ ಪಡೆದ ಪಾಯಖಾನೆಯ ಕೆಳಗಿನ ಪೈಪಿಗೆ ಒಂದು ಬಾಗು ಇತ್ತು. ನಿಮ್ಮ ಮನೆಯ ಪಾಯಖಾನೆಯ ಭಾಂಡೆಯ ಕೆಳಗೆ ಇವತ್ತೂ ಇರೋದು ಅದೇ ಬಾಗು. ಮೂರು ವರ್ಷದ ನಂತರ ಜೋಸೆಫ್ ಬ್ರಾಮಾ ಅದನ್ನು ಇನ್ನಷ್ಟು ಸುಧಾರಿಸಿದ.

ಆ ಬಾಗು ಯಾಕೆ? ನಮ್ಮ ಓಣಿಯಲ್ಲಿ ನಾಲ್ಕು ಮಂದಿಯನ್ನು ಕೇಳಿದೆ. ಒಬ್ಬರು ‘ಉಂಗುರ, ಸಾಮಾನು ಬಿದ್ದರೆ ಸಿಗಲಿ ಅಂತ’ ಅಂದರು. ಒಬ್ಬರು ‘ಇಲಿ ಬರಬಾರದು ಅಂತ’ ಅಂದರು. ಒಬ್ಬ ಗೌಂಡಿ ಮಾಮಾ ‘ಅದು ಸುಮ್ಮನೆ ಕಂಪನಿಯವರ ಫ್ಯಾಷನ್ನು, ಅದರಿಂದಲೇ ಕಟ್ಟಿಕೊಳ್ತದೆ’ ಅಂತ ನಕ್ಕರು. ಆ ಬಾಗಿನಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತಿರ್ತದೆ. ಟಾಕಿಯ ಗ್ಯಾಸು ಮನೆಯೊಳಗೆ ಬರದಂತೆ ಆ ನೀರೇ ಬಾಗಿಲು. ಬಹಳ ದಿನ ಬಳಸದ ಬಚ್ಚಲಲ್ಲಿ ಆ ನೀರು ಒಣಗಿದರೆ ವಾಸನೆ ಬರೋದು ಅದಕ್ಕೇ. ಒಂದು ತಂಬಿಗೆ ನೀರು ಹಾಕಿದರೆ ಸಾಕು. ಅದನ್ನು ಬಿಟ್ಟು ನಾವು ಫಿನಾಯಿಲ್ ಸುರೀತೀವಿ.

ಟಾಕಿಯಿಂದ ಮಾಳಿಗೆಯ ಮೇಲಕ್ಕೆ ಎತ್ತಿದ ಉದ್ದನೆಯ ಪೈಪಿನ ಕಥೆಯೂ ಇಷ್ಟೇ. ‘ಅದು ಬರೀ ವಾಸನೆ ಪೈಪು, ನೋಡಲು ಚೆಂದ ಕಾಣಲ್ಲ’ ಅಂತ ಮಂದಿ ಕತ್ತರಿಸ್ತಾರೆ, ಇಲ್ಲ ಬಾಯಿಗೆ ಗಟ್ಟಿ ಮುಚ್ಚಳ ಹಾಕ್ತಾರೆ. ಟಾಕಿಯ ಗ್ಯಾಸು ಹೊರಗೆ ಹೋಗೋ ದಾರಿ ಅದೊಂದೇ. ಅದನ್ನು ಮುಚ್ಚಿದರೆ ಗ್ಯಾಸು ಒಳಗೇ ಕೂಡ್ತದೆ. ಸೊಳ್ಳೆ ಬರಬಾರದು ಅಂದರೆ ಬಾಯಿಗೆ ಜಾಳಿ ಕಟ್ಟಬೇಕು, ಮುಚ್ಚಳ ಅಲ್ಲ.

ಈಗ ದೊಡ್ಡ ಸುಳ್ಳಿಗೆ ಬರೋಣ. ಫ್ಲಶ್ ಬಂತು, ಹೊಲಸು ಹೋಯಿತು ಅನ್ನೋದು. ಲಂಡನ್ನಿನಲ್ಲಿ ಆದದ್ದು ಇದರ ಉಲ್ಟಾ. ಮೊದಲು ಅಲ್ಲಿ ಮನೆಯ ಕೆಳಗೆ ಗುಂಡಿ ಇರ್ತಿತ್ತು. ರಾತ್ರಿ ಬಂದು ಅದನ್ನು ತೋಡಿ ಗಾಡಿಯಲ್ಲಿ ಹೊಲಕ್ಕೆ ಒಯ್ಯುವ ಕೆಲಸಗಾರರು ಇದ್ದರು. ಫ್ಲಶ್ ಬಂದಮೇಲೆ ಆ ಗುಂಡಿಗಳಿಗೆ ನೀರು ಧೋ ಅಂತ ಬಿದ್ದು ತುಂಬಿ ಹರಿದವು. ಮಳೆನೀರಿಗೆ ಅಂತ ಕಟ್ಟಿದ್ದ ಗಟಾರುಗಳಿಗೆ ಮನೆಗಳ ಪೈಪು ಜೋಡಿಸಿದರು. ಎಲ್ಲ ಹೋಗಿ ಥೇಮ್ಸ್ ನದಿಗೆ ಬಿತ್ತು. ಅದೇ ನದಿಯ ನೀರನ್ನು ಊರು ಕುಡೀತಿತ್ತು. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಸತ್ತರು.

ರೋಗ ಕೆಟ್ಟ ವಾಸನೆಯಿಂದ ಬರ್ತದೆ ಅಂತ ಆಗಿನ ದೊಡ್ಡ ದೊಡ್ಡ ಡಾಕ್ಟರರೇ ನಂಬಿದ್ದರು. 1854ರಲ್ಲಿ ಜಾನ್ ಸ್ನೋ ಅನ್ನೋ ಡಾಕ್ಟರು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರಿನಿಂದಲೇ ಕಾಲರಾ ಹರಡ್ತಿದೆ ಅಂತ ಮನೆ ಮನೆ ತಿರುಗಿ ತೋರಿಸಿದರೂ ಬಹಳ ಮಂದಿ ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತು ಅಂದರೆ, ನದಿಯ ದಂಡೆಯ ಮೇಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಔಷಧಿಯಲ್ಲಿ ಅದ್ದಿ ಕಟ್ಟಿದರು. ಆಗ ರೊಕ್ಕ ಮಂಜೂರಾಯಿತು! ಬಡವರು ಸತ್ತಾಗ ಬರದ ರೊಕ್ಕ, ದೊಡ್ಡವರ ಮೂಗಿಗೆ ವಾಸನೆ ಬಡಿದ ಕೂಡಲೇ ಬಂತು. ಜೋಸೆಫ್ ಬ್ಯಾಜಲ್ಗೆಟ್ ಅನ್ನೋ ಇಂಜಿನಿಯರು ಸುಮಾರು 130 ಕಿಲೋಮೀಟರಿನ ದೊಡ್ಡ ಒಳಗಟಾರು ಕಟ್ಟಿ ಹೊಲಸನ್ನು ಊರಿನಾಚೆ ಒಯ್ದ. ವಾಸನೆ ಹೋಗಲಿ ಅಂತ ಕಟ್ಟಿದ್ದು. ಕುಡಿಯುವ ನೀರು ಬೇರೆ, ಹೊಲಸು ಬೇರೆ ಆದ್ದರಿಂದ ಕಾಲರಾ ಹೋಯಿತು. 1866ರಲ್ಲಿ ಮತ್ತೊಮ್ಮೆ ಬಂದಾಗ ಬಹಳ ಸಾವಾದದ್ದು ಕೆಲಸ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲಿ, ಬಡವರ ಭಾಗದಲ್ಲಿ.

ಲಂಡನ್ನಿನ ಕಥೆ ನಮಗ್ಯಾಕೆ ಅಂತೀರಾ? ಒಂದು ಹೋಲಿಕೆಗಾಗಿ. ಅಲ್ಲಿ ರಾತ್ರಿ ಗುಂಡಿ ತೋಡುವವನ ಕೆಲಸ ಹೊಲಸು, ಅಪಾಯದ್ದು, ಸಮಾಜ ಅವನನ್ನು ದೂರವೇ ಇಟ್ಟಿತ್ತು. ಆದರೆ ಆ ಕೆಲಸ ಬಿಟ್ಟ ದಿನ ಅವನು ಆ ಕೆಲಸದವನಾಗಿ ಉಳಿಯುತ್ತಿರಲಿಲ್ಲ. ಅವನ ಮೊಮ್ಮಗನ ಮನೆಗೆ ಯಾರೂ ‘ಇಬ್ಬರನ್ನ ಕಳಸ್ರಿ’ ಅಂತ ಹೇಳಿಕಳಿಸುತ್ತಿರಲಿಲ್ಲ. ನಮ್ಮಲ್ಲಿ ಮನುಷ್ಯ ಮಾಡುವ ಕೆಲಸದಿಂದ ಜಾಡಮಾಲಿ ಆಗೋದಿಲ್ಲ, ಹುಟ್ಟಿನಿಂದ ಆಗ್ತಾನೆ. ಆ ಕೆಲಸ ಮಾಡಲಿ ಬಿಡಲಿ, ಅದು ಅವನ ಮೇಲೆ ಇದ್ದೇ ಇರ್ತದೆ ಅನ್ನೋ ವಾದವನ್ನು ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಮಾಡಿದ್ದಾರೆ. ನಮ್ಮ ಓಣಿಗೆ ಬಂದ ಫೋನು ಆ ವಾದಕ್ಕೆ ಸಾಕ್ಷಿ.

ಇಂಗ್ಲಿಷರು ಬಂದು ಪೈಪು ಹಾಕಿಸಿ ನಮ್ಮವರ ತಲೆಯ ಮೇಲಿನ ಬುಟ್ಟಿ ಇಳಿಸಿದರು ಅನ್ನೋದೂ ಪೂರ್ತಿ ಖರೆ ಅಲ್ಲ. ಕಲಕತ್ತಾ, ಮುಂಬಯಿಯಂಥ ಕೆಲವು ಊರುಗಳ ಕೆಲವು ಭಾಗಗಳಲ್ಲಿ ಒಳಗಟಾರು ಆಯಿತು. ಉಳಿದ ಕಡೆ ಮುನ್ಸಿಪಾಲಿಟಿಗಳು ಬುಟ್ಟಿಯ ಕೆಲಸವನ್ನೇ ನೌಕರಿ ಮಾಡಿದವು. ಮುಂಬಯಿಯ 1888ರ ಮುನ್ಸಿಪಲ್ ಕಾಯದೆಯಲ್ಲಿ ಮನೆಯವರ ಮೇಲೆ ‘ಹಲಾಲಖೋರ್ ತೆರಿಗೆ’ ಅಂತಲೇ ಒಂದು ತೆರಿಗೆ ಇತ್ತು. ಮೈಲಾ ಎತ್ತುವವರನ್ನು ಹಾಗೆ ಕರೀತಿದ್ದರು. ಆ ಹೆಸರಿನ ಅರ್ಥ ‘ಪ್ರಾಮಾಣಿಕವಾಗಿ ದುಡಿದು ಉಣ್ಣುವವನು’. ಹೆಸರು ದೊಡ್ಡದು, ದಾರಿ ಮಾತ್ರ ಹಿಂದಿನ ಸಂದಿ. ಹಳೇ ಪೇಟೆಗಳಿಗೆ ಹೋದಾಗ ನೋಡಿರಿ: ಎರಡು ಸಾಲು ಮನೆಗಳ ಬೆನ್ನಿಗೆ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಸಂದಿ ಇರ್ತದೆ. ಕಟ್ಟಡದ ನಕಾಶೆ ಬರೆಯುವಾಗಲೇ ಆ ಮನುಷ್ಯ ಕಾಣದಂತೆ ಬಂದು ಹೋಗೋ ದಾರಿಯನ್ನೂ ಬರೆದಿದ್ದರು. ಈಗ ಕೆಲವು ಕಡೆ ಅಲ್ಲಿ ಡ್ರೈನೇಜ್ ಪೈಪು ಹೋಗಿದೆ. ಬಾಗಿಲು ಇಟ್ಟಿಗೆಯಿಂದ ಮುಚ್ಚಿದೆ, ಗುರುತು ಹೋಗಿಲ್ಲ.

ಸ್ವಾತಂತ್ರ್ಯ ಬಂದಮೇಲೆ, 1949ರಲ್ಲಿ, ಮುಂಬಯಿ ಸರ್ಕಾರ ವಿ. ಎನ್. ಬರ್ವೆ ಅವರ ಅಧ್ಯಕ್ಷತೆಯಲ್ಲಿ ಸಫಾಯಿ ಕೆಲಸಗಾರರ ಬದುಕಿನ ಬಗ್ಗೆ ಒಂದು ಸಮಿತಿ ಮಾಡಿತು. 1952ರಲ್ಲಿ ಅದರ ವರದಿ ಬಂತು. ಇದು ನಮ್ಮದೇ ವರದಿ ಅಂತ ತಿಳೀರಿ. ಯಾಕಂದರೆ ಆಗ ನಮ್ಮ ಸೊಲ್ಲಾಪುರವೂ ಮುಂಬಯಿ ರಾಜ್ಯದಲ್ಲಿತ್ತು, ವಿಜಾಪುರ, ಧಾರವಾಡ, ಬೆಳಗಾವಿಗಳೂ ಅದರಲ್ಲೇ ಇದ್ದವು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ಅಷ್ಟೊತ್ತಿಗೆ ವಿಲೀನ ಆಗಿದ್ದವು. 1956ರಲ್ಲಿ ಗೆರೆ ಎಳೆದಾಗ ನಾವು ಈಚೆ ಉಳಿದೆವು, ಅವರು ಆಚೆ ಹೋದರು. ಭಾಷೆಗೆ ಗಡಿ ಬಂತು, ಬುಟ್ಟಿಗೆ ಬರಲಿಲ್ಲ. ಅದು ಎರಡೂ ಕಡೆ ನಡೀತು. ತಲೆಯ ಮೇಲೆ ಹೊರೋದು ನಿಲ್ಲಬೇಕು ಅಂತ ಬರ್ವೆ ಸಮಿತಿ ಹೇಳಿತ್ತು. ಕೇಂದ್ರ ಸರ್ಕಾರ 1957ರಲ್ಲಿ ನೇಮಿಸಿದ ಮಲಕಾನಿ ಸಮಿತಿ ಇನ್ನೊಂದು ವಿಷಯ ಬೆಳಕಿಗೆ ತಂದಿತು: ಎಷ್ಟೋ ಊರುಗಳಲ್ಲಿ ಇಂಥ ಓಣಿ ಇಂಥ ಮನೆತನಕ್ಕೆ ಅಂತ ಹಂಚಿಕೆ ಇತ್ತು, ಮತ್ತು ಅದನ್ನು ‘ಹಕ್ಕು’ ಅಂತ ಕರೀತಿದ್ದರು. ಹೊಲಕ್ಕೆ ವಾರಸು ಇದ್ದ ಹಾಗೆ ಮೈಲಾಕ್ಕೂ ವಾರಸು.

ಗಡಿಯಾಚೆ ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರೋದನ್ನು ನಿಷೇಧಿಸಿದರು. 1973ರ ಬೂಸಾ ಗಲಾಟೆಯ ಕಾರಣಕ್ಕೆ ಅವರ ಹೆಸರು ನಮಗೆ ಗೊತ್ತು. ಸಾಹಿತ್ಯದ ಬಗ್ಗೆ ಅವರು ಆಡಿದ ಒಂದು ಮಾತನ್ನು ಐವತ್ತು ವರ್ಷ ನೆನಪಿಟ್ಟಿದ್ದಾರೆ, ಬುಟ್ಟಿ ಇಳಿಸಿದ್ದನ್ನು ಹೇಳುವವರು ಕಡಿಮೆ. ಇದು ನನ್ನ ಸಿಟ್ಟು, ಇರಲಿ ಬಿಡಿ.

ಇಷ್ಟರಲ್ಲಿ ಬುಟ್ಟಿ ಪಾಯಖಾನೆಯ ಜಾಗಕ್ಕೆ ಟಾಕಿ ಬಂತು. ಸೆಪ್ಟಿಕ್ ಟಾಕಿಯ ಹುಟ್ಟನ್ನು ನೀವು ಕೇಳಲೇಬೇಕು. ಫ್ರಾನ್ಸಿನ ಲೂಯಿ ಮೌರಾಸ್ ಅನ್ನೋನು 1860ರ ಸುಮಾರಿಗೆ ಒಂದು ಮನೆಗೆ ಗಾಳಿ ಆಡದ ಟಾಕಿ ಕಟ್ಟಿಸಿದ. ಹತ್ತಾರು ವರ್ಷ ಆದಮೇಲೆ ತೆರೆದು ನೋಡಿದರೆ ತುಂಬಿರಬೇಕಾದ ಗಟ್ಟಿ ಮೈಲಾ ಬಹಳ ಕಡಿಮೆ ಇತ್ತು, ಹೆಚ್ಚಿನದು ನೀರಾಗಿತ್ತು. ಖುಷಿಯಾಗಿ 1881ರಲ್ಲಿ ಪೇಟೆಂಟ್ ತಗೊಂಡ. ಅದಕ್ಕೆ ಇಟ್ಟ ಹೆಸರೇನು ಗೊತ್ತೇ? ‘ತಾನೇ ತೆಗೆಯುವ ಜಾಡಮಾಲಿ’ ಅನ್ನೋ ಅರ್ಥದ ಹೆಸರು. ಅಂದರೆ ಮನುಷ್ಯನ ಕೆಲಸವನ್ನು ಟಾಕಿಯೇ ಮಾಡ್ತದೆ, ಇನ್ನು ಮನುಷ್ಯ ಬೇಡ ಅಂತ. ‘ಸೆಪ್ಟಿಕ್ ಟಾಕಿ’ ಅನ್ನೋ ಹೆಸರು ಬಂದದ್ದು ಇಂಗ್ಲೆಂಡಿನ ಎಕ್ಸೆಟರ್ ಊರಿನ ಡೊನಾಲ್ಡ್ ಕ್ಯಾಮೆರಾನ್ ಅವರಿಂದ, 1895ರ ಹೊತ್ತಿಗೆ. ಹೊಲಸನ್ನು ಟಾಕಿಯೇ ತಿಂದು ಮುಗಿಸ್ತದೆ ಅನ್ನೋ ನಂಬಿಕೆ ಆಗಿನಿಂದಲೇ ಅದರ ಬೆನ್ನಿಗೆ ಅಂಟಿಕೊಂಡು ಬಂದಿದೆ.

ತಿನ್ನೋದೇ ಇಲ್ಲ ಅಂತಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಮೈಲಾವನ್ನು ಕೊಳೆಸಿ ಸ್ವಲ್ಪ ಗ್ಯಾಸು, ಸ್ವಲ್ಪ ನೀರು ಮಾಡ್ತವೆ. ಆದರೆ ಪೂರ್ತಿ ಅಲ್ಲ. ಟಾಕಿಯಲ್ಲಿ ಮೂರು ಪದರ ಆಗ್ತದೆ: ಮೇಲೆ ಜಿಡ್ಡಿನ ಕೆನೆ, ನಡುವೆ ಹೊಲಸು ನೀರು, ತಳದಲ್ಲಿ ಕರೀ ಕೆಸರು. ನಡುವಿನ ನೀರು ಇಂಗುಗುಂಡಿಗೆ ಹೋಗಬೇಕು. ಅದು ಸ್ವಚ್ಛ ನೀರಲ್ಲ, ಅದರಲ್ಲಿ ರೋಗದ ಕ್ರಿಮಿ ಇರ್ತವೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದನ್ನು ನೇರ ಓಣಿಯ ಗಟಾರಕ್ಕೆ ಬಿಟ್ಟಿರ್ತಾರೆ, ಆ ಗಟಾರದ ಪಕ್ಕದಲ್ಲೇ ಹುಡುಗರು ಗೋಲಿ ಆಡ್ತಾರೆ. ತಳದ ಕೆಸರು ಮಾತ್ರ ಎಲ್ಲಿಗೂ ಹೋಗಲ್ಲ. ವರ್ಷ ವರ್ಷ ಏರ್ತದೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ತೆಗೆಸಬೇಕು ಅಂತ ಭಾರತದ ಕಟ್ಟಡ ಮಾನಕದಲ್ಲೇ ಹೇಳಿದೆ.

ನಾವು ಏನು ಮಾಡ್ತೀವಿ? ‘ದೊಡ್ಡ ಟಾಕಿ ಕಟ್ಟಿಸಿದರೆ ಮೂವತ್ತು ವರ್ಷ ನೋಡೋದೇ ಬೇಡ’ ಅಂತ ಗೌಂಡಿ ಹೇಳ್ತಾನೆ. ಮನೆಯವರಿಗೂ ಅದೇ ಬೇಕು. ರೂಮಿನಷ್ಟು ದೊಡ್ಡ ಟಾಕಿ ತೋಡ್ತಾರೆ, ಮೇಲೆ ಸ್ಲ್ಯಾಬ್ ಹಾಕಿ ಟೈಲ್ಸ್ ಕೂರಿಸಿ ಪಾರ್ಕಿಂಗ್ ಮಾಡ್ತಾರೆ. ಮುಚ್ಚಳ ಎಲ್ಲಿದೆ ಅಂತ ಹತ್ತು ವರ್ಷಕ್ಕೆ ಮರೆತೇ ಹೋಗ್ತದೆ. ನಡುವೆ ಯಾರೋ ಹೇಳಿದರು ಅಂತ ಸಗಣಿ, ಬೆಲ್ಲ ಸುರೀತಾರೆ. ಹದಿನೈದು ಇಪ್ಪತ್ತು ವರ್ಷ ಕೂತ ಕೆಸರು ಗಟ್ಟಿಯಾಗ್ತದೆ. ಒಂದು ದಿನ ಪಾಯಖಾನೆಯ ನೀರು ಹಿಂದಕ್ಕೆ ಬರ್ತದೆ. ಮೈಲಾ ಹೀರುವ ಗಾಡಿ ಕರೆಸ್ತಾರೆ. ಅದರ ಪೈಪು ತೆಳ್ಳಗಿನದನ್ನು ಹೀರ್ತದೆ, ಗಟ್ಟಿ ಕೆಸರು ಬರಲ್ಲ. ಆಗ ಗಾಡಿಯವನು, ‘ಒಬ್ಬರು ಕೆಳಗಿಳಿದು ಕಲಕಬೇಕು’ ಅಂತಾನೆ. ಆಗಲೇ ನಮ್ಮ ಓಣಿಗೆ ಫೋನ್ ಬರೋದು. ಎರಡು ವರ್ಷಕ್ಕೊಮ್ಮೆ ತೆಗೆಸಿದ್ದರೆ ಮನುಷ್ಯನೇ ಬೇಕಾಗ್ತಿರಲಿಲ್ಲ. ಮನುಷ್ಯನನ್ನು ಒಳಗಿಳಿಸೋದು ಹಳೇ ಟಾಕಿ ಅಲ್ಲ, ‘ಟಾಕಿ ತಾನೇ ತಿಂತದೆ’ ಅನ್ನೋ ಆ ಹಳೇ ನಂಬಿಕೆ.

ಇಳಿದವನಿಗೆ ಏನಾಗ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಓದಿರಿ. ಕೊಳೆತ ಮೈಲಾದಿಂದ ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಬರ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರ್ತದೆ. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ವಾಸನೆ ಬರ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ಆದರೆ ಮೂಗು ಸತ್ತುಹೋಗ್ತದೆ, ವಾಸನೆ ತಿಳಿಯೋದೇ ಇಲ್ಲ. ‘ವಾಸನೆ ಹೋತು, ಗ್ಯಾಸ್ ಹೋತು, ಇಳಿ’ ಅಂತ ಮೇಲಿನವರು ಹೇಳೋದು ಎಷ್ಟೋ ಸಲ ಆ ಹೊತ್ತಿಗೇ. ಇನ್ನೂ ಹೆಚ್ಚಾದರೆ ಎರಡು ಮೂರು ಉಸಿರಿಗೆ ಮನುಷ್ಯ ಬೀಳ್ತಾನೆ. ಕೂಗೋಕೂ ಹೊತ್ತಿರಲ್ಲ.

ಮುಚ್ಚಳ ಒಂದು ತಾಸು ತೆರೆದಿಟ್ಟರೆ ಆಯಿತು ಅಂತಾರೆ. ಮೇಲಿನ ಗ್ಯಾಸು ಹೋಗಬಹುದು. ಕೆಸರಿನೊಳಗೆ ಸಿಕ್ಕಿಕೊಂಡಿದ್ದು ಕಾಲಿಟ್ಟು ಕಲಕಿದ ಕೂಡಲೇ ಏಳ್ತದೆ. ದೀಪ ಇಳಿಬಿಟ್ಟು ನೋಡ್ತೀವಿ, ಆರದಿದ್ದರೆ ಅಡ್ಡಿಯಿಲ್ಲ ಅಂತಾರೆ. ದೀಪ ಹೇಳೋದು ಆಮ್ಲಜನಕ ತೀರಾ ಕಡಿಮೆ ಇದೆಯೋ ಇಲ್ಲವೋ ಅಂತ ಮಾತ್ರ. ವಿಷದ ಗ್ಯಾಸಿದ್ದರೂ ಅದು ಉರೀತಿರ್ತದೆ. ಮೀಥೇನ್ ಇದ್ದರೆ ದೀಪದಿಂದಲೇ ಟಾಕಿ ಸಿಡಿಯಬಹುದು. ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಗ್ಯಾಸ್ ತಡೆಯೋದಿಲ್ಲ. ಕುಡಿದು ಇಳಿದರೆ ವಾಸನೆ ತಿಳಿಯೋದಿಲ್ಲ ಅಂತ ಕುಡಿಸಿ ಇಳಿಸ್ತಾರೆ. ವಾಸನೆ ತಿಳಿಯದಿರೋದೇ ಸಾವಿನ ದಾರಿ ಅಂತ ಈಗಷ್ಟೇ ಹೇಳಿದೆ.

ಒಬ್ಬ ಬಿದ್ದ ಕೂಡಲೇ ಇನ್ನೊಬ್ಬ ಎಳೆಯೋಕೆ ಇಳೀತಾನೆ. ಅಣ್ಣ ಬಿದ್ದರೆ ತಮ್ಮ, ಮಗ ಬಿದ್ದರೆ ಅಪ್ಪ. ಪೇಪರಿನಲ್ಲಿ ಬರುವ ಇಂಥ ಸುದ್ದಿಗಳಲ್ಲಿ ಸತ್ತವರು ಇಬ್ಬರು ಮೂವರು ಯಾಕಿರ್ತಾರೆ ಅನ್ನೋದು ನಿಮಗೆ ಈಗ ತಿಳಿದಿರಬೇಕು. ಧೈರ್ಯದಿಂದ ಇಳಿದವನೂ ಅದೇ ಗಾಳಿಯನ್ನೇ ಉಸಿರಾಡ್ತಾನೆ. ಯಾರಾದರೂ ಬಿದ್ದರೆ ಇಳಿಯಬೇಡಿರಿ. ಅಗ್ನಿಶಾಮಕದವರಿಗೆ ಫೋನ್ ಮಾಡಿರಿ. ಬರೆಯೋದು ಸುಲಭ, ಆ ಹೊತ್ತಿಗೆ ನಿಲ್ಲೋದು ಕಷ್ಟ ಅಂತ ಗೊತ್ತು. ಆದರೂ ಬರೀತಿದ್ದೀನಿ.

‘ಕಾನೂನು ಬಂದು ಇದೆಲ್ಲ ನಿಂತೈತಲ್ಲ’ ಅನ್ನುವವರಿಗೆ ಎರಡು ಮಾತು. 1993ರಲ್ಲಿ ಮೊದಲ ಕಾನೂನು ಬಂತು. ಮೊದಲು ಅನ್ವಯವಾದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ಗೋವಾ ನಾಲ್ಕೂ ಇದ್ದವು. ಅಂದರೆ ಗಡಿಯ ಎರಡೂ ಕಡೆ. ಆದರೆ ಅದು ನೋಡಿದ್ದು ಬುಟ್ಟಿಯ ಒಣ ಪಾಯಖಾನೆಯನ್ನು ಮಾತ್ರ. ಗಟಾರು, ಸೆಪ್ಟಿಕ್ ಟಾಕಿಗೆ ಇಳಿಯುವವನು ಆ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಕೋಲಾರ ಚಿನ್ನದ ಗಣಿಯ ಸಫಾಯಿ ಕೆಲಸಗಾರರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಂಗಡಿಗರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕನ್ನಡದ ನೆಲದಲ್ಲಿ ಹುಟ್ಟಿದ ತೆಲುಗು ಮನೆಯ ಮನುಷ್ಯ. ಅವರೂ ನಮ್ಮ ಹಾಗೆ ಗಡಿಯವರೇ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಟಾರು, ಟಾಕಿಗಳನ್ನೂ ಸೇರಿಸಿದ ಹೊಸ ಕಾನೂನು ಜಾರಿಗೆ ಬಂದದ್ದು 2013ರ ಡಿಸೆಂಬರ್ 6ರಂದು. ಆ ತಾರೀಖು ಯಾವುದು ಅಂತ ಈ ಸಂಚಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಆ ಕಾನೂನಿನ ಪ್ರಕಾರ ಸುರಕ್ಷೆಯ ಸಾಮಾನು, ವ್ಯವಸ್ಥೆ ಇಲ್ಲದೆ ಯಾರನ್ನೂ ಟಾಕಿಗೆ ಇಳಿಸುವಂತಿಲ್ಲ. ಮುನ್ಸಿಪಾಲಿಟಿಗೆ ಮಾತ್ರ ಅಲ್ಲ, ಫೋನ್ ಮಾಡಿದ ಆ ಮನೆಯವರಿಗೂ ಇದು ಅನ್ವಯ. ಮೊದಲ ಸಲದ ತಪ್ಪಿಗೆ 2 ವರ್ಷದ ತನಕ ಜೈಲು, ಇಲ್ಲವೇ 2 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ‘ಹುಡುಗರು ತಾವಾಗೇ ಒಪ್ಪಿ ಬಂದಿದ್ದರು’ ಅಂದರೆ ತಪ್ಪು ಮಾಫ್ ಆಗೋದಿಲ್ಲ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಗಟಾರಿನ ಕೆಲಸದಲ್ಲಿ ಸತ್ತ ಪ್ರತಿಯೊಬ್ಬರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷ ಮಾಡಿತು. ಇದನ್ನು ಕೇಳಿ ದೊಡ್ಡವ್ವ, “ಸತ್ತ ಮ್ಯಾಲೆ ಮೂವತ್ತು ಲಕ್ಷ ಕೊಡ್ತಾರ, ಇದ್ದಾಗ ಗಾಡಿ ತರಸಾಕ ಎರಡು ಸಾವಿರ ಇರೂದಿಲ್ಲೇನು?” ಅಂದಳು.

ಇಷ್ಟೆಲ್ಲ ಓದಿ ಬರೆದಮೇಲೆ ಒಂದು ದಿನ ಸಂಘದ ಅಣ್ಣಂದಿರನ್ನು ಕೇಳಿದೆ: ನಮ್ಮ ಸಮಾಜ ಮಂದಿರದ ಟಾಕಿ ಕೊನೆಗೆ ಯಾವಾಗ ತೆಗೆಸಿದ್ದು? ಒಬ್ಬರ ಮುಖ ಒಬ್ಬರು ನೋಡಿದರು. ಕಟ್ಟಿಸಿದ ಮೇಲೆ ತೆಗೆಸಿಯೇ ಇಲ್ಲ! ಮುಚ್ಚಳ ಎಲ್ಲಿದೆ ಅಂತ ಅರ್ಧ ತಾಸು ಹುಡುಕಿದೆವು. ಕುರ್ಚಿ ಜೋಡಿಸಿಡುವ ಜಾಗದ ಕೆಳಗೆ ಸಿಕ್ಕಿತು. ವಾಸನೆ ಪೈಪಿನ ಬಾಯಿಗೆ ಯಾರೋ ಪ್ಲಾಸ್ಟಿಕ್ ಡಬ್ಬಿ ಸಿಗಿಸಿದ್ದರು. ಡಬ್ಬಿ ತೆಗೆದು ಜಾಳಿ ಕಟ್ಟಿದ್ದೇವೆ. ಟಾಕಿ, ಗಟಾರಿನ ಕೆಲಸಕ್ಕೆ ಸರ್ಕಾರದ ಸಹಾಯವಾಣಿ ಇದೆ, ನಂಬರು 14420. ಮೊದಲು ಅಲ್ಲಿ ಕೇಳಿ, ಆಮೇಲೆ ಗಾಡಿ ಗೊತ್ತು ಮಾಡಿದೆವು. ಒಬ್ಬರೂ ಒಳಗಿಳಿಯಬಾರದು, ಬರದಿದ್ದರೆ ಮೇಲಿನಿಂದಲೇ ನೀರು ಬಿಟ್ಟು ಸಡಿಲ ಮಾಡಿ ಎರಡು ಸಲ ಹೀರಬೇಕು ಅಂತ ಗಾಡಿಯವನಿಗೆ ಮೊದಲೇ ಹೇಳಿದ್ದೇವೆ. ಈ ವರ್ಷದ ಜಮಾ ಖರ್ಚಿನ ಪಟ್ಟಿಯಲ್ಲಿ ಮಂಟಪ, ಹೂವು, ಮೈಕಿನ ಕೆಳಗೆ ‘ಟಾಕಿ ಗಾಡಿ’ ಅಂತ ಒಂದು ಸಾಲು ಸೇರಿದೆ. ಮುಂದಿನ ಸಲದ ತಾರೀಖನ್ನು ಮುಚ್ಚಳದ ಮೇಲೆಯೇ ಬಣ್ಣದಿಂದ ಬರೆಸಿದ್ದೇವೆ. ಬರೆದವನು, ಹೋದ ಬೇಸಿಗೆಯಲ್ಲಿ ದೊಡ್ಡವ್ವನ ಕೈಯಲ್ಲಿ ಬೈಸಿಕೊಂಡ ಆ ಹುಡುಗನೇ. ‘ಸೆಪ್ಟಿಕ್’ ಅಂತ ಸರಿಯಾಗಿಯೇ ಬರೆದಿದ್ದಾನೆ.